ನಕ್ಷೆಯಲ್ಲೊಂದು ದುಂಡು ಮಚ್ಚೆ

ತೊಂಬತ್ತರ ದಶಕದ ಕೊನೆಯಲ್ಲಿ, ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ರಾಮಕೃಷ್ಣನಗರದ ಬಾಡಿಗೆ ಮನೆಯೊಂದರ ಮಹಡಿಯಲ್ಲಿದ್ದ, ವಜ್ರದ ನೆಲೆ ಹುಡುಕುವ ಸಣ್ಣ ಕಂಪನಿಗೆ ಸೇರಿದೆ. ಸಮೀಕ್ಷೆಯ ವಿಮಾನ ನೆಲಕ್ಕೆ ಹತ್ತಿರವಾಗಿ ಹಾರುತ್ತ, ಕೆಳಗಿನ ಬಂಡೆಗಳ ಕಾಂತಶಕ್ತಿಯನ್ನು ಅಳೆದು ತರುತ್ತಿತ್ತು. ಆ ಅಳತೆಗಳಿಂದಾದ ನಕ್ಷೆ ಓದುವುದು ನನ್ನ ಕೆಲಸ. ವಜ್ರವನ್ನು ಹೊತ್ತು ಮೇಲೇಳುವ ಕಿಂಬರ್ಲೈಟ್ ಶಿಲೆ ಎಲ್ಲೆಂದರಲ್ಲಿ ಬರುವುದಿಲ್ಲ. ಭೂಮಿಯ ಹಳೆಯ ಬಿರುಕುಗಳು ಒಂದನ್ನೊಂದು ದಾಟುವ ಕಡೆ ದಾರಿ ಮಾಡಿಕೊಳ್ಳುತ್ತದೆ. ನಕ್ಷೆಯಲ್ಲಿ ಬಿರುಕುಗಳು ಉದ್ದ ಗೆರೆ, ಕಿಂಬರ್ಲೈಟ್ ಸಣ್ಣ ದುಂಡು ಮಚ್ಚೆ. ಆ ಗೆರೆಗಳ ಹಿಂದೆ ಬಿದ್ದರೆ ನನಗೆ ಊಟದ ನೆನಪೂ ಇರುತ್ತಿರಲಿಲ್ಲ.

ರಾಯಚೂರು ಕಡೆಯ ನಕ್ಷೆಯಲ್ಲಿ ಒಂದು ಮಚ್ಚೆಯಿತ್ತು. ಸುತ್ತಮುತ್ತ ಒಂದೂ ಬಿರುಕಿಲ್ಲ. ಅನುಮಾನ ಬಂದು ಹೋಗಿ ನೋಡಿದೆ. ಅದೊಂದು ಮುಚ್ಚಿಹೋದ ಎಣ್ಣೆ ಮಿಲ್ಲು. ತುಕ್ಕು ಹಿಡಿದ ದೊಡ್ಡ ಟ್ಯಾಂಕುಗಳು, ಒಂದರೊಳಗೆ ಕೊಳೆತ ನಾಯಿ. ಮೂಗು ಮುಚ್ಚಿಕೊಂಡೇ ಅಳತೆ ತೆಗೆದೆ. ವಿಮಾನದ ಯಂತ್ರಕ್ಕೆ ಸಿಕ್ಕಿದ್ದು ಆ ಕಬ್ಬಿಣವೇ.

ವಾಪಸು ಬಂದು ಹೇಳಿದರೆ ನಮ್ಮ ಕಂಪನಿಯ ಮಾಲೀಕರು, "ಇರ್ಲಿ ಬುಡಮ್ಮ, ದುಂಡಗಿದೆ ತಾನೆ?" ಎಂದರು.

ಆಮೇಲೆ ಹೋಟೆಲೊಂದರಲ್ಲಿ, ಆ ಜಾಗದ ಗಣಿ ಹಕ್ಕು ಕೊಳ್ಳಲು ಬಂದವರ ಮುಂದೆ ಅದೇ ನಕ್ಷೆ ಬಿಚ್ಚಿದರು. ಬಿರುಕುಗಳು ದೂರವಿವೆಯೆಂದು ತೋರಿಸಲು ನಾನೆಳೆದ ಗೆರೆಗಳೆಲ್ಲ ಮಾಯ. ಮಿಲ್ಲಿನ ಮೇಲೆ ಕೆಂಪು ವೃತ್ತ, ಮೂಲೆಯಲ್ಲಿ ನನ್ನ ಹೆಸರು.

ಎದ್ದು ನಿಂತೆ. "ಸರ್, ಅದು ಎಣ್ಣೆ ಟ್ಯಾಂಕು."

"ಹೊಸಬಳು ಕಣ್ರೀ, ಎಲ್ಲದ್ರಲ್ಲೂ ಅನುಮಾನ," ಎಂದು ಮಾಲೀಕರು ನಕ್ಕರು. ಎಲ್ಲರೂ ನಕ್ಕರು.

ಊಟವಾದ ಮೇಲೆ, ಕೈ ತೊಳೆಯುವಲ್ಲಿ ಆ ಅತಿಥಿಗಳಲ್ಲೊಬ್ಬರು ಪಕ್ಕಕ್ಕೆ ಬಂದರು. ಜಾಮೂನಿನ ಪಾಕ ಇನ್ನೂ ಬೆರಳಲ್ಲಿತ್ತು. "ನಮ್ಗೂ ಗೊತ್ತು ಕಣಮ್ಮ. ವಜ್ರ ಯಾರಿಗ್ ಬೇಕು? ನಕ್ಷೆ ಚೆನ್ನಾಗಿದ್ರೆ ಸಾಕು, ಇನ್ನೊಬ್ರಿಗೆ ದಾಟಿಸ್ಬುಡ್ತೀವಿ," ಎಂದು ಅದೇ ಕೈಯಿಂದ ಹೆಗಲು ತಟ್ಟಿದರು.

ಸತ್ತ ನಾಯಿಯ ಹತ್ತಿರವೂ ಅಷ್ಟು ಹೇಸಿಗೆಯಾಗಿರಲಿಲ್ಲ. ಮೋಸ ಹೋಗುತ್ತಾರೆಂದು ನಾನು ಯಾರಿಗಾಗಿ ಬಾಯಿಬಿಟ್ಟಿದ್ದೆನೋ ಅವರೂ ಮಾಲೀಕರ ಕಡೆಯವರೇ.

ಮರುದಿನ ಕಚೇರಿಗೆ ಹೋಗಿ, ನಕ್ಷೆಯ ಮೂಲ ಹಾಳೆಯಿಂದ ನನ್ನ ಹೆಸರನ್ನು ಬ್ಲೇಡಿನಿಂದ ಕೆರೆದು ತೆಗೆದೆ. ಮಾಲೀಕರು ತಡೆಯಲಿಲ್ಲ, ಕಾಫಿ ಕುಡಿಯುತ್ತ ನೋಡುತ್ತಿದ್ದರು. ಕೆಲಸ ಬಿಟ್ಟು ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದೆ.

ಆ ಹಕ್ಕು ಕೈಯಿಂದ ಕೈಗೆ ಹೋಯಿತಂತೆ. ಅಲ್ಲಿ ಯಾರೂ ಒಂದು ಗುದ್ದಲಿಯನ್ನೂ ಹಾಕಲಿಲ್ಲ. ಎರಡು ಸಾವಿರದ ಇಸವಿ ಕಳೆದ ಮೇಲೆ ಮಾಲೀಕರು ಗೋಕುಲಂ ಬಡಾವಣೆಯ ರಸ್ತೆಯಲ್ಲಿ ಎದುರಾದರು. ಈಗ ಸೈಟು ವ್ಯಾಪಾರವಂತೆ.

"ನಿನ್ ನಕ್ಷೇನ ಈಗ್ಲೂ ಎಲ್ರೂ ಹೊಗಳ್ತಾರೆ ಕಣಮ್ಮ," ಎಂದರು, ನಿಜವಾದ ಅಕ್ಕರೆಯಿಂದ.

ನಾನು ರಸ್ತೆ ದಾಟಿ ಆಚೆ ಬದಿಗೆ ಹೋದೆ.