ಚಿಂತಾಮಣಿ ಹುಡುಗನ ಎಡೆ

ಮಹಾಲಯ ಅಮಾವಾಸ್ಯೆಗೆಂದು ಬೆಳಿಗ್ಗೆ ಅಟ್ಟದ ಹಿತ್ತಾಳೆ ಪಾತ್ರೆಗಳನ್ನು ಇಳಿಸುತ್ತಿದ್ದೆ. ಒಂದು ಚೊಂಬಿನೊಳಗೆ ಏನೋ ಗಲಗಲ ಎಂದಿತು. ಬಗ್ಗಿಸಿದರೆ, ಲಂಗರಿನ ಗುರುತಿದ್ದ ಗುಂಡಿ. ನಮ್ಮ ಮಾವನವರ ಬಿಳಿ ಸಮವಸ್ತ್ರದ್ದು. ಮಂಡಿನೋವಿಗೆ ಕೂರಲು ಒಂದು ನೆಪ ಬೇಕಿತ್ತು, ದೇವರು ಕೊಟ್ಟ, ಅಲ್ಲೇ ಕೂತೆ.

ಮಾವನವರು ಹುಟ್ಟಿದ್ದು ತೊಂಡೇಬಾವಿಯಲ್ಲಿ. ಹದಿನೆಂಟು ತುಂಬುವ ತನಕ ಅವರು ಕಂಡ ಅತಿ ದೊಡ್ಡ ನೀರೆಂದರೆ ಊರ ಕೆರೆ, ಅದೂ ತುಂಬಿದ ವರ್ಷ. ಅಂಥವರು ನೌಕಾಪಡೆಗೆ ಸೇರಿ, ಎಂಜಿನ್ ಕೋಣೆಯ ಎಣ್ಣೆ ಒರೆಸುವುದರಿಂದ ಶುರುಮಾಡಿ ಅಧಿಕಾರಿಯಾದರು. ಬಾಂಗ್ಲಾ ಯುದ್ಧದ ಹೊತ್ತಿಗೆ ಹಡಗಿನಲ್ಲಿದ್ದರು. ನಿವೃತ್ತರಾಗಿ ಗೌರಿಬಿದನೂರಿನಲ್ಲಿ ಮನೆ ಕಟ್ಟಿದ ಮೇಲೂ ಅವರ ಪಾಲಿಗೆ ಅದು ಹಡಗೇ. ಐದಕ್ಕೆ ಎಲ್ಲರೂ ಏಳಬೇಕು. ಒಲೆಕಟ್ಟೆಯ ಮೇಲೆ ಬೆರಳಾಡಿಸಿ ಜಿಡ್ಡು ನೋಡುತ್ತಿದ್ದರು. ಮದುವೆಯಾಗಿ ಬಂದೆನೋ ಸೈನ್ಯಕ್ಕೆ ಭರ್ತಿಯಾದೆನೋ ತಿಳಿಯದ ನನಗೆ ಸೆಲ್ಯೂಟ್ ಹೊಡೆಯುವುದೊಂದು ಬಾಕಿಯಿತ್ತು. ಯುದ್ಧದ ಮಾತನ್ನು ಮಾತ್ರ ಮಾವನವರು ಎತ್ತುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಎಂಜಿನ್ ರೂಮಲ್ಲಿ ಏನ್ ಕಾಣುತ್ತಪ್ಪ, ಬರೀ ಸೆಕೆ" ಎಂದು ಎದ್ದುಹೋಗುತ್ತಿದ್ದರು.

ಆ ಮನೆಯಲ್ಲಿ ನನ್ನ ಮೊದಲ ಮಹಾಲಯ. ತೀರಿಕೊಂಡವರಿಗೆ ಒಂದೊಂದು ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಚ್ಚುತ್ತೇವಲ್ಲ, ಹಾಗೆ ಅತ್ತೆ ಮೂರು ಎಲೆ ಹಾಕಿ ಬಡಿಸಿದರು. ಆಮೇಲೆ ನಾಲ್ಕನೆಯದು. "ಇದು ನಿಮ್ಮಾವನ ಜೊತೆ ಹಡಗಲ್ಲಿದ್ದ ಚಿಂತಾಮಣಿ ಹುಡುಗಂದು ಕಣಮ್ಮ. ಸಮುದ್ರದಲ್ಲಿ ಹೋದ. ಇವ್ರೇ ಕರ್ಕೊಂಡ್ಹೋಗಿ ನೇವಿಗೆ ಸೇರಿಸಿದ್ರು," ಎಂದು ಹೇಳಿ, ಬಾಳೆಹಣ್ಣು ತರಲು ಪಕ್ಕದ ಮನೆಗೆ ಹೋದರು. ಮಾವನವರು ಸ್ನಾನಕ್ಕೆ ಹೋಗಿದ್ದರು.

ಅಷ್ಟರಲ್ಲಿ ಚೀಲದ ತುಂಬ ಕಡಲೆಕಾಯಿ ಹೊತ್ತು ವಯಸ್ಸಾದ ಹೆಂಗಸೊಬ್ಬರು ಹಿತ್ತಿಲ ಬಾಗಿಲಿಗೆ ಬಂದರು. "ಯಾವಾಗ್ಲೂ ದೀಪಾವಳಿಗೆ ಬರೋಳು, ಈ ಸಲ ಮೊದ್ಲೇ ಬಂದೆ," ಎಂದು ಕೂತು, ಎಲೆ ಎಣಿಸಿದರು. "ಈ ಮನೇಲಿ ತೀರ್ಕೊಂಡೋರು ಮೂರೇ ಜನ ಅಲ್ವೇನಮ್ಮ? ನಾಲ್ಕನೇದು ಯಾರ್ದು?"

ಮನೆಯ ಸಂಗತಿ ನನಗೂ ಗೊತ್ತೆಂಬ ಜಂಬದಲ್ಲಿ ಹೇಳಿಬಿಟ್ಟೆ.

ಅವರೇ ಆ ಹುಡುಗನ ತಾಯಿ. ಅವರಿಗೆ ಬಂದ ಕಾಗದದಲ್ಲಿ ಕಾಣೆಯಾಗಿದ್ದಾನೆ ಎಂದಷ್ಟೇ ಇತ್ತಂತೆ. ಹತ್ತು ವರ್ಷಕ್ಕೂ ಮೇಲೆ, ಪ್ರತಿ ದೀಪಾವಳಿಗೆ ಬಸ್ಸು ಬದಲಿಸಿಕೊಂಡು ಬಂದು, "ಏನಾನ ಸುದ್ದಿ ಬಂತಾ ಸಾಮಿ?" ಎಂದು ಕೇಳುತ್ತಿದ್ದರಂತೆ. ಮಾವನವರು, "ಇನ್ನೂ ಇಲ್ಲಮ್ಮ" ಎಂದು ಕಳಿಸುತ್ತಿದ್ದರಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಮಾವನವರು ಒದ್ದೆ ತಲೆಯಲ್ಲಿ ಬಂದವರು ಬಾಗಿಲಲ್ಲೇ ನಿಂತರು.

"ಕಣ್ಣಾರೆ ಕಂಡ್ರಾ ಸಾಮಿ?"

"ಕಂಡೆನಮ್ಮ. ಕೈಗೆ ಸಿಗ್ಲಿಲ್ಲ."

"ಯಾವಾಗಿಂದ ಇಕ್ತಿದೀರ ಎಡೆ?"

"ಯುದ್ಧ ಮುಗಿದ ಮರುವರ್ಷದಿಂದ."

ಆಕೆ ಬಯ್ಯಲಿಲ್ಲ, ಶಪಿಸಲಿಲ್ಲ. ಎಲೆಯ ಮುಂದೆ ಕೂತು ನೋಡಿದರು. "ಬದನೆಕಾಯಿ ತೆಗೀರಿ. ನನ್ ಮಗಂಗೆ ಅದು ಆಗ್ತಿರ್ಲಿಲ್ಲ, ಬಾಯೆಲ್ಲ ನವೆ ಬರೋದು. ಇಷ್ಟು ವರ್ಷ ಇದ್ನೇ ಇಕ್ಕಿದ್ರಾ?"

ಮಾವನವರು ತಪ್ಪು ಲೆಕ್ಕ ಮಾಡಿದ ಹುಡುಗನಂತೆ ತಲೆಯಾಡಿಸಿದರು.

"ಹೋಗ್ಲಿ ಬಿಡಿ. ಹಸ್ಕೊಂಡಂತೂ ಇರ್ಲಿಲ್ಲ ನನ್ ಮಗ," ಎಂದು ಎದ್ದು, ನನ್ನಿಂದ ಹುರುಳಿಕಾಳು ಕೇಳಿ ಪಡೆದು, ತಾವೇ ಬಸ್ಸಾರು ಮಾಡಿ ಬಡಿಸಿದರು. ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂತಾಗ ಅಳು ಕೇಳಿಸಿತು. ಆಕೆಯದಲ್ಲ, ಮಾವನವರದು.

ಸಂಜೆ ಮಾವನವರು, "ನಾನ್ ಹೇಳ್ಬೇಕಾದ್ದನ್ನ ನೀನ್ ಹೇಳ್ದೆ ಕಣಮ್ಮ" ಎಂದರು. ಕೋಪವೋ ಏನೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಮುಂದಿನ ವರ್ಷದಿಂದ ಆಕೆ ಅಮಾವಾಸ್ಯೆಗೇ ಬಂದು, ಮಗನ ಅಡುಗೆ ಮಾಡಿ ಹೋಗುತ್ತಿದ್ದರು, ಕೈ ನಡೆಯುವ ತನಕ.

ಈಗ ಅವರಾರೂ ಇಲ್ಲ. ಎಲೆಗಳು ಹೆಚ್ಚಿವೆ, ನನ್ನ ಮೂಳೆ ಸವೆದಿದೆ. ಆ ಹುಡುಗನ ಎಲೆಗೆ ಏನು ಬಡಿಸಬೇಕೆಂದು ನನಗೆ ಚೆನ್ನಾಗಿ ಗೊತ್ತು. ಮಾವನವರ ಎಲೆಗೆ ಏನೆಂದು ಇಂದಿಗೂ ಗೊತ್ತಿಲ್ಲ. ಅವರಿದ್ದಾಗ ಅಷ್ಟು ವರ್ಷ ಬಡಿಸಿದೆ. ಹಾಕಿದ್ದನ್ನು ಮಾತಿಲ್ಲದೆ ಉಂಡು ಏಳುತ್ತಿದ್ದರು. ಪೇಪರ್ ಓದುತ್ತಿದ್ದ ನಮ್ಮವರನ್ನು ಕೇಳಿದೆ.

"ಅಪ್ಪಂಗೆ ಏನಿಷ್ಟ ಅಂತ ಯಾರಿಗ್ಗೊತ್ತೇ? ಕೇಳಿದ್ರೆ ತಾನೆ!"

"ನಿಮಗೇನಿಷ್ಟ, ಈಗ್ಲೇ ಹೇಳ್ಬಿಡಿ."

"ಯಾಕೆ, ನಾನೇನು ಹೊರಟ್ನಾ?" ಎಂದು ನಕ್ಕರು. ಪೇಪರ್ ಮಡಿಚಿದರು. "ನಿಂಗೇನಿಷ್ಟ?"

ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದರು, ದೇವರು ದೊಡ್ಡವನು. ಥಟ್ಟನೆ ಹೊಳೆಯಲಿಲ್ಲ. ಯೋಚಿಸುತ್ತ ಕೂತಿದ್ದೇನೆ, ಒಲೆ ಇನ್ನೂ ಹಚ್ಚಿಲ್ಲ.