ಶೆಡ್ಯೂಲು, ಸ್ಕೆಡ್ಯೂಲು, ಸ್ಕೆಜುಲು

ಆ ದಿನವೂ ಕುಕ್ಕರಿನ ಮೊದಲ ವಿಷಲ್‌ಗೆ ನಮ್ಮವರು ಬಚ್ಚಲಿನಿಂದ ಹೊರಬಂದರು, ಎರಡನೆಯದಕ್ಕೆ ಶೂ ಹಾಕಿಕೊಂಡರು, ಮೂರನೆಯದು ಕೂಗುವ ಮೊದಲೇ ಊಟದ ಡಬ್ಬಿ ಎಲ್ಲಿ ಎಂದು ಕೇಳಿದರು. ಜಾಲಹಳ್ಳಿಯ ಫ್ಯಾಕ್ಟರಿ ಬಸ್ಸು ನಮ್ಮ ಅಟ್ಟೂರು ಲೇಔಟಿನ ತಿರುವಿಗೆ ಬಂದರೆ ಯಾರಿಗೂ ಕಾಯುವುದಿಲ್ಲ. ಅವರನ್ನು ಕಳಿಸಿ ನಾನು ಗೇಟಿನ ಚಿಲಕ ಹಾಕುವಷ್ಟರಲ್ಲಿ ಪಕ್ಕದ ಮನೆಯ ರತ್ನ ಹಾಲಿನ ಕ್ಯಾನ್ ಹಿಡಿದು ಬರುವುದು ವಾಡಿಕೆ. "ಅಕ್ಕಾ, ಆಲು" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಅವಳ ಅತ್ತೆ ಮನೆಯವರು ಹಳೇ ಅಟ್ಟೂರಿನ ಕುಳಗಳು. ಹೊಲಗಳೆಲ್ಲ ಲೇಔಟಾಗಿ, ಬಾಡಿಗೆ ಮನೆಗಳ ಸಾಲು ಎದ್ದಿದ್ದರೂ ಹಿತ್ತಲಿನ ಹಸುಗಳನ್ನು ಮಾತ್ರ ಬಿಟ್ಟಿರಲಿಲ್ಲ, ಮಾತಿನಲ್ಲಿ ಹಕಾರವನ್ನು ಇಟ್ಟುಕೊಂಡಿರಲಿಲ್ಲ. ಅವಳ ಆ 'ಆಲು' ನನಗೆ ಒಮ್ಮೆಯೂ ತಪ್ಪೆನ್ನಿಸಿರಲಿಲ್ಲ. ಹಾಲು ಗಟ್ಟಿಯಾಗಿರುತ್ತಿತ್ತು.

ಅಂದು ಅವಳು ಕೂಗಲಿಲ್ಲ. ಹಾಲು ಹಾಕಿ, ಒದ್ದೆ ಕೂದಲಿಗೆ ಸುತ್ತಿದ್ದ ಟವೆಲ್ಲನ್ನು ಸರಿಮಾಡಿಕೊಳ್ಳುತ್ತ ಅಲ್ಲೇ ನಿಂತಳು.

"ಅಕ್ಕ, ನಿಮ್ ತಾವ ಪಿನ್ ಐತಾ, ಸೀರೆಗೆ?"

"ಇದೆ, ಇರು ತರ್ತೀನಿ."

"ಆಮೇಲೆ... ಮೂರ್ರಲ್ಲಿ ಯಾವ್ದು ಏಳ್ಲಿ?"

ಈ 'ಮೂರು' ಏನೆಂದು ತಿಳಿಯಲು ನೀವು ನನ್ನೊಡನೆ ಒಂದೆರಡು ವಾರ ಹಿಂದಕ್ಕೆ ಬರಬೇಕು. ರತ್ನಳ ಮಗ ಚೇತನನಿಗೆ ಎಲ್‌ಕೆಜಿ ಸೇರುವ ವಯಸ್ಸು. ಆ ವರ್ಷಗಳಲ್ಲಿ ಮಗುವನ್ನು ಸ್ಕೂಲಿಗೆ ಸೇರಿಸುವುದೆಂದರೆ ಮಗುವಿಗಿಂತ ಹೆಚ್ಚಾಗಿ ಅಪ್ಪ ಅಮ್ಮನಿಗೆ ಪರೀಕ್ಷೆ. ಇಬ್ಬರೂ ಹೋಗಿ ಪ್ರಿನ್ಸಿಪಾಲರ ಮುಂದೆ ಕೂರಬೇಕು, ಇಂಗ್ಲಿಷಿನಲ್ಲಿ ಉತ್ತರ ಕೊಡಬೇಕು. ಯಲಹಂಕ ನ್ಯೂ ಟೌನಿನ ಆ ಸ್ಕೂಲಿನಲ್ಲಿ ರತ್ನಳ ಓರಗಿತ್ತಿಯ ಮಗಳಿಗೆ ಹಿಂದಿನ ವರ್ಷ ಸೀಟು ಸಿಕ್ಕಿರಲಿಲ್ಲ. ತಾಯಿ ಬಾಯಿ ಬಿಡಲಿಲ್ಲ, ಅದಕ್ಕೇ ಸಿಗಲಿಲ್ಲ ಎಂದು ಮನೆಯಲ್ಲಿ ತೀರ್ಮಾನವಾಗಿ, ಯುಗಾದಿ ಹಬ್ಬದ ಊಟದಲ್ಲೂ ಆ ಮಾತು ಬಂದಿತ್ತಂತೆ. "ಈ ಸಲ ತಪ್ಪಿದ್ರೆ ನಮ್ಮತ್ತೆ ನನ್ ಮೇಲೇ ಆಕ್ತಾರೆ ಕಣಕ್ಕ. ನೀವ್ ಕಾನ್ವೆಂಟಲ್ಲಿ ಓದಿರೋರು, ಒಸಿ ಏಳ್ಕೊಡಿ" ಎಂದು ಕೇಳಿದಳು.

ಹೇಳಲು ನಾಚಿಕೆ, ಆದರೆ ನನಗೆ ಎಷ್ಟು ಸಂತೋಷವಾಯಿತೆಂದರೆ ಆ ದಿನ ಒಲೆಯ ಮೇಲಿದ್ದ ಒಗ್ಗರಣೆ ಸೀದುಹೋಯಿತು. ನನ್ನ ಕಾನ್ವೆಂಟ್ ಇಂಗ್ಲಿಷು ಮದುವೆಯ ರೇಷ್ಮೆ ಸೀರೆಯ ಹಾಗೆ ಮಡಿಸಿಟ್ಟೇ ಇತ್ತು. ಗ್ಯಾಸ್ ಬುಕ್ ಮಾಡುವಾಗ ಒಂದು ಸಲ ಹೊರತೆಗೆದರೆ ಆ ಕಡೆಯವನು "ಕನ್ನಡದಲ್ಲೇ ಹೇಳಿ ಮೇಡಂ" ಎನ್ನುತ್ತಿದ್ದ. ನಮ್ಮ ಸ್ಕೂಲಿನ ಸಿಸ್ಟರ್ ಒಬ್ಬರು ತುಟಿಯ ಮುಂದೆ ತೆಳು ಕಾಗದದ ಪಟ್ಟಿ ಹಿಡಿಸಿ 'ಪೇಪರ್' ಎನ್ನಿಸುತ್ತಿದ್ದರು. ಕಾಗದ ಅಲ್ಲಾಡದಿದ್ದರೆ ಉಚ್ಚಾರ ತಪ್ಪು, ಇನ್ನೊಮ್ಮೆ ಹೇಳು. ಅದೇ ವಿದ್ಯೆಯನ್ನು ನಾನು ರತ್ನಳಿಗೆ ಧಾರೆಯೆರೆದೆ. ಹರಿದ ಕ್ಯಾಲೆಂಡರಿನಿಂದ ಪಟ್ಟಿ ಕತ್ತರಿಸಿ ಅವಳ ಮೂಗಿನ ಮುಂದೆ ಹಿಡಿದೆ. ಅವಳು 'ಪೇರೆಂಟ್' ಎಂದಳು, ಕಾಗದ ಮಿಸುಕಲಿಲ್ಲ. ಚೇತನ ಪಕ್ಕದಿಂದ ಉಫ್ ಎಂದು ಊದಿದ, ಅದು ನನ್ನ ಮುಖಕ್ಕೆ ಹಾರಿತು.

"ಇವನ್ದೇ ಸರಿ ಐತೆ ನೋಡಕ್ಕ" ಎಂದು ರತ್ನ ನಕ್ಕಳು. ಆಗಿನ್ನೂ ನಗುತ್ತಿದ್ದಳು.

ನಾನು ಹಕಾರದ ಮೇಲೆ ಒತ್ತು ಕೊಟ್ಟೆ. 'ಆಬಿ' ಅಲ್ಲ 'ಹಾಬಿ', 'ಅಸ್ಬೆಂಡ್' ಅಲ್ಲ 'ಹಸ್ಬೆಂಡ್' ಎಂದು ದಿನವೂ ತಿದ್ದಿದೆ. ಫಲವಾಗಿ ಅವಳು ಎಲ್ಲಿ ಬೇಕೋ ಅಲ್ಲಿ ಬಿಟ್ಟು, ಬೇಡದ ಕಡೆಯೆಲ್ಲ ಅದನ್ನು ಕೂರಿಸತೊಡಗಿದಳು. 'ಹೈ ಹ್ಯಾಮ್ ರತ್ನ' ಎಂದಾಗ ನನ್ನ ಮುಖದಲ್ಲಿ ಏನು ಕಂಡಿತೋ, ತಟ್ಟನೆ ಸೆರಗು ಬಾಯಿಗೆ ಹಿಡಿದುಕೊಂಡಳು.

ಮಹಡಿಯ ಮೇಲೆ ಬಾಡಿಗೆಗಿದ್ದ ಶ್ವೇತಾ ಹೆಬ್ಬಾಳದ ಕಡೆಯ ಕಾಲ್ ಸೆಂಟರಿನಲ್ಲಿ ಕೆಲಸ ಮಾಡುವ ಹುಡುಗಿ. ಸಂಜೆ ಕ್ಯಾಬ್ ಬರುವ ತನಕ ನಮ್ಮ ಮೆಟ್ಟಿಲ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದವಳು, ಇಂಟರ್‌ವ್ಯೂನ ಹಿಂದಿನ ಸಂಜೆ ಪಾಠಕ್ಕೆ ಬಾಚಣಿಗೆಯ ಸಮೇತ ಒಳಬಂದಳು. ಆ ಸ್ಕೂಲಿನಲ್ಲಿ ಮಗುವಿನ ದಿನಚರಿ ಕೇಳಿಯೇ ಕೇಳುತ್ತಾರೆ ಎಂದು ಯಾರೋ ಹೇಳಿದ್ದರಿಂದ ನಾನು ರತ್ನಳಿಗೆ 'ಶೆಡ್ಯೂಲ್' ಎಂಬ ಮಾತನ್ನು ಹೇಳಿಕೊಡುತ್ತಿದ್ದೆ.

"ಅಯ್ಯೋ ಆಂಟಿ, ಶೆಡ್ಯೂಲ್ ಅಲ್ಲ, ಸ್ಕೆಜುಲ್. ಈಗ ಯಾರೂ ಹಾಗನ್ನಲ್ಲ."

"ಇಂಗ್ಲೆಂಡಿನಲ್ಲಿ ಹಾಗೇ ಅನ್ನೋದು, ಶ್ವೇತಾ."

"ಯಾರಾಂಟಿ ಈಗ ಇಂಗ್ಲೆಂಡಿಗೆ ಫೋನ್ ಮಾಡ್ತಾರೆ?"

ಆಗತಾನೇ ಕೆಲಸದಿಂದ ಬಂದು ಸಾಕ್ಸ್ ಬಿಚ್ಚುತ್ತಿದ್ದ ನಮ್ಮವರಿಗೂ ಬಾಯಿ ಬಂತು. "ಎರಡೂ ಅಲ್ಲ ಕಣ್ರೀ, ಸ್ಕೆಡ್ಯೂಲ್. ನಮ್ ಫ್ಯಾಕ್ಟರೀಲಿ ಎಲ್ಲಾ ಹಾಗೇ ಅಂತಾರೆ. ಅದರಿಂದ ಮಿಷಿನ್ ಏನೂ ನಿಂತಿಲ್ಲ."

ಸದಾ ಮೆಲ್ಲಗೆ ಮಾತಾಡುವ ನಾನು ಅವತ್ತು ಸ್ಕೂಲಿನಲ್ಲಿ ಬಹುಮಾನ ಬಂದಿದ್ದ ಡಿಕ್ಷನರಿಯನ್ನೇ ಬೀರುವಿನಿಂದ ಇಳಿಸಿದೆ. ಶ್ವೇತಾ ಟ್ರೈನಿಂಗಿನ ಮಾತು ಎತ್ತಿದಳು, ನಮ್ಮವರು ಯಾವುದೋ ಜರ್ಮನಿಯ ಎಂಜಿನಿಯರನ್ನು ಸಾಕ್ಷಿಗೆ ಕರೆದರು. 'ಹೌಸ್‌ವೈಫ್' ಅನ್ನಬೇಕೋ 'ಹೋಮ್‌ಮೇಕರ್' ಅನ್ನಬೇಕೋ ಎಂಬ ಎರಡನೆಯ ಜಗಳವೂ ಅದರ ಬಾಲ ಹಿಡಿದು ಬಂತು. ಕ್ಯಾಬಿನ ಹಾರನ್ ಕೇಳಿ ಶ್ವೇತಾ ಓಡಿದ ಮೇಲೆ ನೋಡಿದರೆ, ರತ್ನ ಕಾಗದದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು.

"ನಾನ್ ಓಗಲ್ಲಕ್ಕ. ಅವರೊಬ್ರೇ ಓಗ್ಲಿ."

"ಇಬ್ರೂ ಬರ್ಬೇಕು ಅಂದಿದಾರಲ್ಲ ರತ್ನ."

"ಓದಿರೋ ನಿಮಗೇ ಇಷ್ಟು ಗೊಂದ್ಲ. ನಾಲ್ಕ್ ಅಸ ಕಟ್ಕೊಂಡಿರೋಳು ನಾನ್ಯಾವ ಸೀಮೆ ವೈಫು." ಮಗುವನ್ನು ಸೊಂಟಕ್ಕೇರಿಸಿಕೊಂಡು ಹೊರಟುಹೋದಳು. ನಮ್ಮವರು ಒಂದು ಕಾಲಿಗೆ ಸಾಕ್ಸ್ ಇದ್ದಂತೆಯೇ ನನ್ನನ್ನು ನೋಡಿದರು. ನಾನು ಡಿಕ್ಷನರಿಯ ಧೂಳು ಒರೆಸಿದೆ.

ಹಾಗಾಗಿ ಮರುದಿನ ಬೆಳಿಗ್ಗೆ ಅವಳು ಪಿನ್ ಕೇಳಿದಾಗ ನನ್ನ ಎದೆ ಹಗುರಾಯಿತು. ಹೋಗುತ್ತಾಳೆ ಎಂದಾಯಿತಲ್ಲ. ಮೂರರಲ್ಲಿ ಯಾವುದು ಎಂದು ಕೇಳಿದಾಗಲಾದರೂ 'ಬಾಯಿಗೆ ಬಂದದ್ದು ಹೇಳು' ಎನ್ನಬಹುದಿತ್ತು. ಪಿನ್ ಕೈಗಿಡುತ್ತ ನಾನು ಹೇಳಿದ್ದು, "ಶೆಡ್ಯೂಲ್." ಅವಳು ತುಟಿಯಲ್ಲೇ ಅದನ್ನು ಹೇಳಿಕೊಳ್ಳುತ್ತ, ಖಾಲಿ ಕ್ಯಾನನ್ನು ನಮ್ಮ ಕಟ್ಟೆಯ ಮೇಲೆ ಮರೆತು ಹೋದಳು.

ಹಗಲೆಲ್ಲ ನನ್ನ ಕಣ್ಣು ಅಡುಗೆಮನೆಯ ಕಿಟಕಿಯಲ್ಲಿ. ಹತ್ತರ ಸುಮಾರಿಗೆ ಚೇತನನನ್ನು ನಡುವೆ ಕೂರಿಸಿಕೊಂಡು ಅವರ ಸ್ಕೂಟರ್ ಹೊರಟಿತು. ರತ್ನ ಮೈಸೂರು ಸಿಲ್ಕ್ ಉಟ್ಟು, ಸೆರಗು ಗಾಳಿಗೆ ಹಾರದಂತೆ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಮಧ್ಯಾಹ್ನ ಸ್ಕೂಟರ್ ಬಂತು. ಅವಳು ನಮ್ಮ ಮನೆಯ ಕಡೆ ತಿರುಗಿಯೂ ನೋಡದೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹಳೇ ನೈಟಿಯಲ್ಲಿ ಹಿತ್ತಲಿಗೆ ಬಂದು ಹಸುಗಳಿಗೆ ಹುಲ್ಲು ಹಾಕಿದಳು. ಹುಲ್ಲು ಹಾಕುವ ಹೆಂಗಸಿನ ಬೆನ್ನು ನೋಡಿ ಸೀಟು ಸಿಕ್ಕಿತೋ ಇಲ್ಲವೋ ಹೇಳಬಲ್ಲವರು ಇದ್ದರೆ ಇರಲಿ, ನನಗಾಗಲಿಲ್ಲ. ಕ್ಯಾನ್ ಕೊಡುವ ನೆಪದಲ್ಲಿ ಹೋಗಬಹುದಿತ್ತು. ತೊಳೆದ ಕ್ಯಾನನ್ನೇ ಮತ್ತೊಮ್ಮೆ ತೊಳೆದಿಟ್ಟೆ. ಅವಳ ಅತ್ತೆಯ ದನಿ ಕಾಂಪೌಂಡಿನಾಚೆ ಕೇಳಿದಾಗೆಲ್ಲ, ಮುಂದಿನ ಯುಗಾದಿಯ ಊಟ ಕಣ್ಣಮುಂದೆ ಬರುತ್ತಿತ್ತು.

ಈಗ ಬೀದಿಯಲ್ಲಿ, ಬ್ಯಾಂಕಿನಲ್ಲಿ, ಮದುವೆ ಮನೆಯಲ್ಲಿ ಯಾರಾದರೂ 'ವೆಡ್ನೆಸ್‌ಡೇ' ಎಂದರೆ ನನ್ನ ನಾಲಿಗೆಯ ತುದಿಗೆ ಬಂದ 'ವೆನ್ಸ್‌ಡೇ' ಅಲ್ಲೇ ಕೂರುತ್ತದೆ. ಬುಧವಾರ ಬುಧವಾರವೇ, ಅದೇನೂ ತಡವಾಗಿ ಬರುವುದಿಲ್ಲ. ಇಷ್ಟು ಸಮಾಧಾನ ನನಗೆ ಇಂಟರ್‌ವ್ಯೂ ದಿನದ ಸಂಜೆಯಿಂದ ಬಂದದ್ದು.

ಅವತ್ತು ದೀಪ ಹಚ್ಚುವ ಹೊತ್ತಿಗೆ ಗೇಟಿನಲ್ಲಿ ಕೂಗು. "ಅಕ್ಕಾ, ಆಲು." ಬೀದಿಗೆಲ್ಲ ಕೇಳುವ ಹಳೆಯ ಕೂಗು. ನಾನು ಪಾತ್ರೆಯ ಬದಲು ಅದರ ಮುಚ್ಚಳವನ್ನೊಂದೇ ಹಿಡಿದು ಓಡಿದೆ.

"ಏನಾಯ್ತೇ?"

"ಸಿಕ್ತು ಕಣಕ್ಕ. ಪಾತ್ರೆ ತತ್ತನ್ನಿ."

ಪಾತ್ರೆ ತಂದೆ. "ಏನ್ ಕೇಳಿದ್ರು?"

"ಬೆಳಗಿಂದ ಸಂಜೆಗಂಟ ಮಗ ಏನ್ ಮಾಡ್ತಾನೆ ಅಂತ. ಮಾರ್ನಿಂಗ್ ಗೆಟಪ್ಪು, ಕೌ ಮಿಲ್ಕು, ಬಾತು, ದೆನ್ ಫುಲ್ ಪ್ಲೇ, ಈವ್ನಿಂಗ್ ಗ್ರ್ಯಾಂಡ್‌ಮದರ್ ಬೀಟಿಂಗ್ ಅಂದೆ. ಮೇಡಮ್ಮು ನಕ್ಬಿಟ್ರು. ನಮ್ಮನೆಯವ್ರೇ ಪಕ್ಕದಲ್ಲಿ ಬೆವರ್ತಾ ಕೂತಿದ್ರು."

ಕೇಳಬಾರದೆಂದು ನಾಲಿಗೆ ಕಚ್ಚಿದೆ. ಆದರೂ ಕೇಳಿಬಿಟ್ಟೆ. "ಶೆಡ್ಯೂಲ್ ಅಂದ್ರಾ ಅವ್ರು, ಸ್ಕೆಜುಲ್ ಅಂದ್ರಾ?"

"ಅವ್ರು ಟೈಂಟೇಬಲ್ ಅಂದ್ರು."

ನಮ್ಮವರು ಒಳಗೆ ಪೇಪರಿನ ಹಿಂದೆ ಕೆಮ್ಮಿದರು. ನಾನು ಕೇಳದವಳಂತೆ, "ಅಂತೂ ಭಯ ಬೀಳಲಿಲ್ಲ ನೀನು" ಎಂದೆ.

ರತ್ನ ಅಳತೆಯ ಲೋಟ ಬಗ್ಗಿಸಿ, ದಿನದಂತೆ ಮೇಲೆ ಒಂದು ಧಾರೆ ಕೊಸರು ಹಾಕಿ, ತಂದಿದ್ದ ಬೇರೆ ಕ್ಯಾನಿನ ಮುಚ್ಚಳ ತಿರುಗಿಸುತ್ತ ಅಂದಳು: "ಬೀಳೋ ಭಯವೆಲ್ಲ ನಿಮ್ಮನೇಲೇ ಬಿದ್ದು ಮುಗ್ಸಿದ್ನಲ್ಲಕ್ಕ. ಅಲ್ಲಿಗೆ ತಗೊಂಡೋಗಕ್ಕೆ ಏನೂ ಉಳ್ದಿರ್ಲಿಲ್ಲ."