ಹಳಿಯಾಚೆಯ ಶಾಲೆಗೆ ದೊಡ್ಡ ಬೂಟು

ಆ ಲೋಕಲ್ ರೈಲು ದಾಟಿಹೋಗಿ ವಾರಗಳಾದವು. ನನ್ನ ಕಿವಿಯಿಂದ ಮಾತ್ರ ಇನ್ನೂ ಹೋಗಿಲ್ಲ.

ಕೋಲ್ಕತ್ತಾದ ಡಮ್ ಡಮ್‌ನ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆಯ ಮಗಳು ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಂಡಿದ್ದಳು. ತಮ್ಮ ಅಂಗನವಾಡಿ ಸೇರಿದ ಮೇಲೆ ನಾನೇ ಬೆನ್ನುಹತ್ತಿ ಅವಳನ್ನು ಹಳಿಯಾಚೆಯ ಸರ್ಕಾರಿ ಶಾಲೆಗೆ ಸೇರಿಸಿದೆ. ವಯಸ್ಸು ನೋಡಿ ನೇರವಾಗಿ ಐದನೇ ತರಗತಿ. ಪುಸ್ತಕ, ಊಟ, ಬೂಟು ಎಲ್ಲ ಉಚಿತ.

ಬೂಟಿನ ಅಳತೆ ತೆಗೆಯುವಾಗ ತಾಯಿ ಟೀಚರಿಗೆ, "ಎರಡು ಸೈಜ್ ದೊಡ್ಡದೇ ಕೊಡಿ ದಿದಿಮಣಿ, ಮುಂದಿನ ವರ್ಷಕ್ಕೂ ಆಗಲಿ" ಎಂದಳು.

"ಮುಂದಿನ ವರ್ಷ ಬೇರೆ ಕೊಡ್ತೀವಮ್ಮ."

"ಕೊಡ್ತೀವಿ ಅಂದೋರೆಲ್ಲ ಕೊಟ್ಟಿದ್ರೆ ನಾನ್ಯಾಕೆ ಇವರ ಮನೆ ಪಾತ್ರೆ ತಿಕ್ತಿದ್ದೆ?"

ಟೀಚರ್ ನಕ್ಕರು. ನನಗೂ ಅವಳ ಮಾತು ಸರಿ ಎನಿಸಿತು. ಧಾರವಾಡದಲ್ಲಿ ನಮ್ಮವ್ವನೂ ಹಾಗೇ ಕೊಳ್ಳುತ್ತಿದ್ದಳು.

ಆ ಬೆಳಿಗ್ಗೆ ತರಕಾರಿ ಚೀಲ ಹಿಡಿದು ನಾನು ರೈಲ್ವೆ ಗೇಟಿನ ಈಚೆ ನಿಂತಿದ್ದೆ. ಗೇಟು ಹಾಕಿತ್ತು. ಎಂದಿನಂತೆ ಜನ ಕೆಳಗಿನಿಂದ ನುಸುಳುತ್ತಿದ್ದರು, ಅವರ ಹಿಂದೆ ಆ ಹುಡುಗಿ. ಆಚೆ ಮುಟ್ಟಿಯೇ ಬಿಟ್ಟಿದ್ದಳು. ಕಾಲು ನೋಡಿಕೊಂಡಳು. ಒಂದು ಬೂಟು ಕಳಚಿ ಹಳಿಗಳ ನಡುವೆ ಉಳಿದಿತ್ತು. ತಿರುಗಿ ಬಂದಳು.

"ಬಿಡ ಅದನ್ನ! ಹಿಂದಕ್ಕ ಹೋಗ!" ಕೂಗಿದ್ದು ಕನ್ನಡದಲ್ಲಿ. ಬಂಗಾಳಿ ಹುಡುಗಿಗೇನು ತಿಳಿದೀತು? ರೈಲು ನನ್ನ ಕಣ್ಣೆದುರೇ ನುಗ್ಗಿತು. ಬೋಗಿಗಳು ಮುಗಿಯಲೇ ಇಲ್ಲ. ಮುಗಿದಾಗ ಅವಳು ಆಚೆ ಬದಿಯಲ್ಲಿ ಬೂಟೆತ್ತಿ ನನಗೆ ತೋರಿಸುತ್ತಿದ್ದಳು. "ಸಿಕ್ತು, ಕಾಕಿಮಾ!" ತಾನೇ ಹಾರಿದಳೋ, ಯಾರಾದರೂ ಬ್ಯಾಗು ಹಿಡಿದೆಳೆದರೋ, ನನಗೆ ಇಂದಿಗೂ ತಿಳಿಯದು. ಒಮ್ಮೊಮ್ಮೆ ಒಂದು ಕೈ ಕಂಡಂತಾಗುತ್ತದೆ.

ಸಂಜೆ ತಾಯಿ ಮಗಳನ್ನು ಎಳೆದುಕೊಂಡೇ ನಮ್ಮ ಮನೆಗೆ ಬಂದಳು. "ಇನ್ನು ಶಾಲೆ ಬೇಡ ಬೌದಿ. ಜೀವ ಇದ್ರೆ ಸಾಕು."

ಕಡ್ಡಾಯ ಶಿಕ್ಷಣದ ಹೊಣೆ ಸರ್ಕಾರದ್ದು ಎಂದು ಕಾಲೇಜಿನಲ್ಲಿ ಓದಿದ್ದೆ. ಆ ಹೊಣೆ ಗೇಟಿನ ಯಾವ ಬದಿಗೆ ನಿಲ್ಲುತ್ತದೆ?

"ನಾಳೆ ಮೊಟ್ಟೆ ಕೊಡೋ ದಿನ" ಎಂದಳು ಹುಡುಗಿ, ನೆಲ ನೋಡುತ್ತ. "ಲೆಕ್ಕಾನೂ ಈಗೀಗ ತಿಳೀತಿದೆ."

ತಾಯಿ ಮಗಳ ಕಾಲಿನ ಬೂಟು ಬಿಚ್ಚಿದಳು. ಆಮೇಲೆ ನನ್ನಲ್ಲಿ ಹಳೇ ಬಟ್ಟೆ ಕೇಳಿ, ಹರಿದು, ಬೂಟಿನ ತುದಿಗೆ ತುರುಕಿದಳು. "ನಾಳೆಯಿಂದ ನಾನೇ ದಾಟಿಸ್ತೀನಿ, ಗೇಟು ತೆರೆದ ಮೇಲೆ. ನಿಮ್ಮನೆ ಕೆಲಸ ತಡವಾಗುತ್ತೆ, ಬೈಬಾರ್ದು."

ಬೈಯುವುದೆಲ್ಲಿ? ಈಗ ದಿನಾ ಬೆಳಿಗ್ಗೆ ತೊಳೆಯದ ಪಾತ್ರೆಗಳ ಮುಂದೆ ನಿಂತಿರುತ್ತೇನೆ. ದೂರದಲ್ಲಿ ರೈಲು ಕೂಗುತ್ತದೆ. ಮಗಳನ್ನು ದಾಟಿಸಿ ಅವಳು ಬಂದು ಬಾಗಿಲು ತಟ್ಟುವವರೆಗೆ ನಲ್ಲಿ ತಿರುಗಿಸಲೂ ಆಗುವುದಿಲ್ಲ.